ಕೋಡಿಯಿಲ್ಲದ ಮನೆ

ಹೊಸನಗರ ಸೀಮೆಯ ನಮ್ಮೂರಿನಲ್ಲಿ ಭರಣಿ ಮಳೆ ಬರುವುದೇ ಗುಡುಗಿನ ಜೊತೆ. ಮೂರು ಗಂಟೆಯವರೆಗೆ ಉರಿಬಿಸಿಲು, ಆಮೇಲೆ ಗುಡ್ಡದ ತಲೆ ಕಪ್ಪಾಗುತ್ತದೆ, ಮೊದಲ ಗುಡುಗಿಗೇ ಕರೆಂಟು ಹೋಗುತ್ತದೆ. ಕರೆಂಟು ಹೋಯಿತಲ್ಲ, ಇನ್ನೇನು ಭಯ ಎಂದು ಎಲ್ಲರಿಗೂ ಒಂದು ಧೈರ್ಯ. ಕರೆಂಟು ಹೋದರೂ ತಂತಿ ಮಾತ್ರ ತೋಟದ ಉದ್ದಕ್ಕೂ ಕಂಬದಿಂದ ಕಂಬಕ್ಕೆ ಬಂದು ಮನೆಯ ಗೋಡೆಗೆ ತಾಗಿಕೊಂಡೇ ಇರುತ್ತದೆ.

ಅವತ್ತು ಅತ್ತೆ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುತ್ತಲೇ ಬಚ್ಚಲಿಗೆ ಹೋಗಿ ಕಬ್ಬಿಣದ ನಲ್ಲಿ ತಿರುಗಿಸಿದ್ದರು. ನಾನು ಜಗಲಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಬೆಳಕೂ ಸದ್ದೂ ಬೇರೆ ಬೇರೆಯಾಗಿ ಬರಲಿಲ್ಲ. ಗೋಡೆಯ ಮೇಲಿನ ಮರದ ಸ್ವಿಚ್ ಬೋರ್ಡು ಕಿತ್ತು ಬಂದು ನನ್ನ ಕಾಲ ಬುಡದಲ್ಲಿ ಬಿತ್ತು. ಇನ್ವರ್ಟರಿನಿಂದ ಹೊಗೆ. ಆಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಕೇಳಿಸಲಿಲ್ಲ, ಮಳೆಯ ಸದ್ದು ಕೂಡ.

ಬಚ್ಚಲಿನಲ್ಲಿ ಅತ್ತೆ ನಲ್ಲಿಯಿಂದ ಆಚೆಗೆ ಬಿದ್ದಿದ್ದರು. ಕಣ್ಣು ತೆರೆದಿತ್ತು, ಮಾತಿಲ್ಲ. ಕೂಗು ಕೇಳಿ ಓಡಿಬಂದ ಕೆಳಮನೆಯವರು ಬಾಗಿಲಲ್ಲೇ ನಿಂತು "ಮುಟ್ಟಬೇಡಿ, ಮೈಯಲ್ಲಿ ಕರೆಂಟು ಇರ್ತದೆ" ಎಂದು ಕೂಗಿದರು. ಸಿಡಿಲು ಬಡಿದವರ ಮೈಯಲ್ಲಿ ಯಾವ ಕರೆಂಟೂ ಉಳಿಯುವುದಿಲ್ಲ. ತಕ್ಷಣ ಮುಟ್ಟಬಹುದು, ಉಸಿರು ನಿಂತಿದ್ದರೆ ಮುಟ್ಟಲೇಬೇಕು. ಇದನ್ನು ನನಗೆ ಆಮೇಲೆ ಡಾಕ್ಟರು ಹೇಳಿದ್ದು. ಆ ಹೊತ್ತಿನಲ್ಲಿ ತಿಳಿದು ಮುಟ್ಟಿದವಳಲ್ಲ ನಾನು, ಮುಟ್ಟದೆ ಇರಲು ಆಗಲಿಲ್ಲ, ಅಷ್ಟೇ. ಜೀಪು ಸಿಕ್ಕಿ, ದಾರಿಗೆ ಬಿದ್ದ ಮರ ಕಡಿದು, ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿತ್ತು. ಇಸಿಜಿ ಮಾಡಿ ರಾತ್ರಿಯಿಡೀ ಇಟ್ಟುಕೊಂಡರು. ಎದೆಗೆ ಏನೂ ಆಗಿರಲಿಲ್ಲ. ಬಲಗೈ ಬೆರಳು ಮಾತ್ರ ಆ ಮಳೆಗಾಲವಿಡೀ ಮರಗಟ್ಟಿಕೊಂಡೇ ಇತ್ತು. ಅಡಕೆ ಸುಲಿಯಲು ಕೂತರೆ ಕತ್ತಿ ಹಿಡಿದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಸಿಡಿಲು ಮನೆಗೆ ಬಡಿದಿರಲಿಲ್ಲ. ಕಂಬದ ಪಕ್ಕದ ತೆಂಗಿನಮರಕ್ಕೆ ಬಡಿದಿತ್ತು. ಅಲ್ಲಿಂದ ತಂತಿಯಲ್ಲೂ ಮಣ್ಣಿನಲ್ಲೂ ನೀರಿನ ಪೈಪಿನಲ್ಲೂ ಹರಿದುಬಂದಿತ್ತು. ಮೀಟರು, ಫ್ರಿಜ್ಜು, ಟಿ.ವಿ., ಬೋರ್‌ವೆಲ್ಲಿನ ಸ್ಟಾರ್ಟರು, ಎಲ್ಇಡಿ ಬಲ್ಬು ಒಂದೂ ಬಿಡದೆ ಹೋದವು. ಬೆಂಗಳೂರಿನ ಮಗ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರ 'ಸಿಡಿಲು' ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟ. ಒಳ್ಳೆಯದೇ, ಆದರೆ ಮೋಡ ಕವಿದರೆ ನಮ್ಮಲ್ಲಿ ಮೊದಲು ಹೋಗುವುದೇ ಸಿಗ್ನಲ್ಲು.

ಹೊಸ ವೈರಿಂಗಿಗೆ ಬಂದ ಎಲೆಕ್ಟ್ರಿಷಿಯನ್ ಎಸ್‌ಪಿಡಿ ಎಂಬ ಪೆಟ್ಟಿಗೆ ತಂದು ಹಾಕಿದ. "ಇನ್ನು ಸಿಡಿಲಿನ ಯೋಚನೆ ಬಿಡಿ ಅಕ್ಕ" ಎಂದ. ಕಿಟಕಿಯಂಥ ಸಣ್ಣ ಗಾಜಿನಲ್ಲಿ ಹಸಿರು ಕಾಣುತ್ತಿತ್ತು. ಮುಂದಿನ ಗುಡುಗಿಗೆ ಹೊಸ ಫ್ರಿಜ್ಜು ಸುಟ್ಟಿತು. ಗಾಜಿನಲ್ಲಿ ಆಗಲೂ ಹಸಿರೇ. ಅತ್ತೆ ಆವತ್ತಿನಿಂದ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಮೋಡ ಕಂಡರೆ ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತು ಅಳುತ್ತಿದ್ದರು. ನನಗೆ ಸಿಡಿಲಿಗಿಂತ ಆ ಅಳು ಕಷ್ಟವಾಯಿತು.

ಲೈಸೆನ್ಸ್ ಇದ್ದ ಹಳೆಯ ವೈರ್‌ಮನ್ ಒಬ್ಬರನ್ನು ತಮ್ಮ ಕರೆತಂದ. ಅವರು ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. "ಅರ್ಥಿಂಗ್ ಎಲ್ಲಿದೆ ಅಮ್ಮಾ?" ಎಂದರು. ಬಚ್ಚಲ ಹಿಂದಿನ ಜಂಬಿಟ್ಟಿಗೆ ನೆಲದಲ್ಲಿ ಒಂದು ಪೈಪು ಹೂತಿತ್ತು. ಎಳೆದರೆ ತಂತಿ ಕೈಗೇ ಬಂತು, ತುಕ್ಕು ತಿಂದು ಎಂದೋ ಬಿಟ್ಟುಹೋಗಿತ್ತು. ಅರ್ಥ್ ಮೆಗ್ಗರ್ ಹಚ್ಚಿ ನೋಡಿದರೆ ಆ ಪೈಪಿನದೇ ನೂರು ಓಮಿಗಿಂತ ಹೆಚ್ಚು. ನಮ್ಮ ಕಡೆ ಕಂಬದಿಂದ ಬರುವುದು ಫೇಸು, ನ್ಯೂಟ್ರಲ್ ಎರಡೇ; ಅರ್ಥಿಂಗ್ ಮನೆಯವರೇ ಮಾಡಿಕೊಳ್ಳಬೇಕು.

ಆಮೇಲೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಎಸ್‌ಪಿಡಿ ಕೆರೆಯ ಕೋಡಿ ಇದ್ದಂತೆ. ನೀರು ಮಟ್ಟದಲ್ಲಿದ್ದಾಗ ಅದಕ್ಕೆ ಕೆಲಸವಿಲ್ಲ, ಮೀರಿದಾಗ ಹೊರಗೆ ಬಿಡುತ್ತದೆ. ಕೋಡಿ ಕಟ್ಟಿ ಅದರಾಚೆ ಹಳ್ಳವನ್ನೇ ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು? ಒಳಗಿರುವುದು ಸತುವಿನ ಆಕ್ಸೈಡಿನ ಬಿಲ್ಲೆ. 230 ವೋಲ್ಟಿಗೆ ಸುಮ್ಮನಿರುತ್ತದೆ, ಸಾವಿರಗಟ್ಟಲೆ ವೋಲ್ಟು ನುಗ್ಗಿದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ದಾರಿ ಬಿಡುತ್ತದೆ. ಬಿಲ್ಲೆ ಸತ್ತಿಲ್ಲ ಎಂಬುದಷ್ಟೇ ಹಸಿರಿನ ಅರ್ಥ. ಅರ್ಥಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಪೆಟ್ಟಿಗೆ ಮಾರುವವರು ಇದನ್ನು ಯಾಕೆ ಹೇಳುವುದಿಲ್ಲವೋ! ಗುಂಡಿ ತೋಡುವುದರಲ್ಲಿ ಲಾಭವಿಲ್ಲವೇನೋ.

ಕೆಲಸದ ಬಹುಪಾಲು ಮಣ್ಣಿನಲ್ಲೇ ಆಯಿತು. ಬೇಸಗೆಯಲ್ಲೂ ಪಸೆ ಆರದ ತೋಟದಂಚಿನಲ್ಲಿ ಎರಡು ಆಳದ ಗುಂಡಿ, ಎರಡಕ್ಕೂ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪು. ಎರಡನ್ನೂ ಒಂದಕ್ಕೊಂದು ಜೋಡಿಸಿ, ನೀರಿನ ಕಬ್ಬಿಣದ ಪೈಪನ್ನೂ ಡಿಶ್ಶಿನ ಕಂಬವನ್ನೂ ಅದಕ್ಕೇ ಸೇರಿಸಿದರು. ಒಂದೊಂದಕ್ಕೂ ಬೇರೆ ಬೇರೆ ಅರ್ಥಿಂಗ್ ಇದ್ದರೆ ಸಿಡಿಲಿನ ಹೊತ್ತಿಗೆ ಒಂದು ಕಡೆ ಹೆಚ್ಚು ವೋಲ್ಟು, ಇನ್ನೊಂದು ಕಡೆ ಕಡಿಮೆ. ನಡುವೆ ಸಿಕ್ಕ ಕೈಯ ಮೂಲಕ ಹರಿಯುತ್ತದೆ. ಅತ್ತೆಯ ಕೈಗೆ ಆದದ್ದು ಅದೇ.

ಬೋರ್ಡಿಗೆ ಕೈ ಹಾಕುವ ದಿನ ಪವರ್‌ಮ್ಯಾನ್ ಬಂದು ಮೀಟರಿಗೂ ಮುಂಚಿನ ಕಟ್‌ಔಟಿನ ಫ್ಯೂಸು ಕಿತ್ತು ಕೊಟ್ಟ. ವೈರ್‌ಮನ್ ಅದನ್ನು ಜೇಬಿಗೆ ಹಾಕಿಕೊಂಡರು, ಬೇರೆ ಯಾರೂ ತಿರುಗಿ ಹಾಕಬಾರದೆಂದು. ಮೇನ್ ಸ್ವಿಚ್ ಇಳಿಸಿದ ಮಾತ್ರಕ್ಕೆ ಸಾಲದು. ಅದರ ಮೇಲ್ಭಾಗದ ತುದಿಗಳಲ್ಲಿ ಆಗಲೂ ಕರೆಂಟು ಇರುತ್ತದೆ. ಅಷ್ಟಾದ ಮೇಲೂ ಮುಟ್ಟುವ ಮುಂಚೆ ಮೀಟರ್ ಹಿಡಿದರು. ಮೇನಿನ ತುದಿಗಳಲ್ಲಿ ಸೊನ್ನೆ. ಪಕ್ಕದ ತಂತಿಯೊಂದರಲ್ಲಿ 220 ತೋರಿಸಿತು! ಒಳಗಿನ ಕೋಣೆಯಲ್ಲಿ ಹೊಸ ಇನ್ವರ್ಟರು ತನ್ನ ಪಾಡಿಗೆ ಓಡುತ್ತಿತ್ತು. ಅದನ್ನು ಬಂದ್ ಮಾಡಿ, ಬ್ಯಾಟರಿಯ ತಂತಿಯನ್ನೂ ಬಿಚ್ಚಿದರು. ಬಾಗಿಲ ಬಳಿ ನಿಂತಿದ್ದ ನನ್ನ ಕೈ ನಡುಗುತ್ತಿತ್ತು. "ಒಳಗೆ ಹೋಗಿ ಕೂತ್ಕೊಳ್ಳಿ ಅಮ್ಮಾ" ಎಂದರು. ಹೋಗಲಿಲ್ಲ.

ಮೊದಲಿನವನು ಪೆಟ್ಟಿಗೆಯನ್ನು ಜಗಲಿಯ ಮೂಲೆಯಲ್ಲಿ ಕೂರಿಸಿ, ಬೋರ್ಡಿನಿಂದ ಉದ್ದಕ್ಕೆ ವೈರು ಎಳೆದು, ಮಿಕ್ಕದ್ದನ್ನು ಸುರುಳಿ ಸುತ್ತಿ ಬಿಟ್ಟಿದ್ದ. ಬಿಲ್ಲೆ ಒಂದೂವರೆ ಸಾವಿರ ವೋಲ್ಟಿಗೇ ತಡೆದರೂ, ಸಿಡಿಲಿನ ವೇಗಕ್ಕೆ ಒಂದು ಮೀಟರ್ ವೈರಿನಲ್ಲೇ ಸಾವಿರ ವೋಲ್ಟೋ ಅದಕ್ಕೂ ಹೆಚ್ಚೋ ಮೇಲೆ ಸೇರಿಬಿಡುತ್ತದಂತೆ. ಒಟ್ಟು ವೈರು ಅರ್ಧ ಮೀಟರಿನೊಳಗೆ ಇರಬೇಕು. ಇವರು ಹಳೆಯ ಮರದ ಬೋರ್ಡು, ಕಿಟ್‌ಕ್ಯಾಟ್ ಫ್ಯೂಸು ಎಲ್ಲ ತೆಗೆದು ಕಬ್ಬಿಣದ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬಾಕ್ಸು, ಕೂರಿಸಿದರು. ಮೇನ್ ಆದ ಕೂಡಲೇ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿಗೆ ಮುಂಚೆ ಎಸ್‌ಪಿಡಿ. ಅದಕ್ಕೆ ಅದರದೇ ಫ್ಯೂಸು, ಬಿಲ್ಲೆ ಹಳೆಯದಾಗಿ ಶಾರ್ಟ್ ಆದರೆ ಬೆಂಕಿ ಹತ್ತಬಾರದಲ್ಲ. ಅರ್ಥಿಂಗಿನ ಪಟ್ಟಿ ಒಂದು ಗೇಣಿನ ದೂರದಲ್ಲಿ. ತಂತಿ ತೆರೆದ ಬಯಲಲ್ಲಿ ಬರುವ ಮನೆಯೆಂದು ಟೈಪ್ 1, ಟೈಪ್ 2 ಎರಡೂ ಸೇರಿದ್ದನ್ನೇ ಹಾಕಿದರು; ಅದಕ್ಕೆ ಅರ್ಥಿಂಗಿನ ತಾಮ್ರದ ವೈರು 16 ಸ್ಕ್ವೇರ್ ಎಂಎಂನದು. ಊರಿನ ವೋಲ್ಟೇಜು ಏರಿಳಿಯುವುದಕ್ಕೆ ಬಿಲ್ಲೆ 275ರ ಬದಲು 320 ವೋಲ್ಟಿನದು. ಸ್ಕ್ರೂಗಳನ್ನು ಬಿಗಿದು, ಪ್ರತಿ ವೈರನ್ನೂ ಎಳೆದು ನೋಡಿದರು.

"ಮನೆಗೇ ನೇರ ಬಡಿದರೆ ಇದು ತಡೆಯೋದಿಲ್ಲ, ಸುಳ್ಳು ಹೇಳಲ್ಲ ನಾನು" ಎಂದರು ಹೊರಡುವಾಗ. "ಗುಡುಗು ಬಂದಾಗ ಪ್ಲಗ್ ಕೀಳೋದು, ನಲ್ಲಿ ಮುಟ್ಟದೆ ಇರೋದು ಬಿಡಬೇಡಿ."

ಸ್ವಾತಿ ಮಳೆಯ ಒಂದು ರಾತ್ರಿ ಬಹಳ ಹತ್ತಿರ ಬಡಿಯಿತು. ಬೆಳಗ್ಗೆ ಡಿಬಿ ತೆರೆದರೆ ಗಾಜಿನಲ್ಲಿ ಕೆಂಪು. ಮನೆಯ ಒಂದು ಬಲ್ಬೂ ಹೋಗಿರಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ; ದೂರದಿಂದಲೇ ನೋಡಿದರು, ಆದರೆ ಬಂದು ನೋಡಿದರು. ಕಾರ್ಟ್ರಿಡ್ಜು ಶಿವಮೊಗ್ಗದಿಂದ ಬಂದ ಮೇಲೆ ವೈರ್‌ಮನ್ ಅದನ್ನಷ್ಟೇ ಕಿತ್ತು ಬದಲಾಯಿಸಿ ಹೋದರು.

ಪಂಪಿನ ಶೆಡ್ಡಿಗೆ ಇನ್ನೂ ಹಾಕಿಸಿಲ್ಲ. ಅಲ್ಲಿ ತ್ರೀ ಫೇಸು, ಪೆಟ್ಟಿಗೆ ದೊಡ್ಡದು ಬೇಕು, ಗುಂಡಿ ಬೇರೆ ತೋಡಬೇಕು. ಅಡಕೆ ಕೊಟ್ಟ ಮೇಲೆ ನೋಡುವುದೆಂದು ಇಟ್ಟಿದ್ದೇವೆ. ಗುಡುಗು ದೂರವಿದ್ದರೆ ಹೋಗಿ ಸ್ಟಾರ್ಟರಿನ ಮೇನ್ ಇಳಿಸಿ ಬರುತ್ತೇನೆ. ಹತ್ತಿರ ಬಂದಿದ್ದರೆ, ಸ್ಟಾರ್ಟರು ಹೋದರೆ ಹೋಗಲಿ ಎಂದು ಒಳಗೇ ಕೂರುತ್ತೇವೆ.