ಸಾಣೆಯ ಕಲ್ಲು

ವಿದ್ಯೆಯನ್ನು ಬಲ್ಲವನು ಬೇರೆ, ಅದನ್ನು ಕಲಿಸಬಲ್ಲವನು ಬೇರೆ ಎಂಬ ವಿವೇಚನೆಯು ಈ ದೇಶದಲ್ಲಿ ಬಹು ಪುರಾತನವಾದದ್ದು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮಿಗಿಲೆಂದು ಕಲಹಮಾಡುತ್ತ ಅರಸನೆಡೆಗೆ ಬರುತ್ತಾರೆ. ಸ್ವತಃ ಕುಶಲರಾದವರು ಕೆಲವರು, ಕಲಿಸುವದರಲ್ಲಿ ಕುಶಲರಾದವರು ಕೆಲವರು. ಎರಡೂ ಕೂಡಿಬಂದವನಿಗೇ ಮೊದಲ ಮಣೆ ಸಲ್ಲತಕ್ಕದ್ದೆಂಬದು ಮಧ್ಯಸ್ಥಳಾದ ಪರಿವ್ರಾಜಿಕೆಯ ಅಭಿಪ್ರಾಯ. ಆದುದರಿಂದಲೇ ಗುರುಗಳ ಪರೀಕ್ಷೆಯು ಗುರುಗಳ ಕುಣಿತದಿಂದಲ್ಲ, ಶಿಷ್ಯೆಯ ಕುಣಿತದಿಂದ ನಡೆಯುತ್ತದೆ.

ಈ ವಿಭಾಗದಲ್ಲಿ ಅಡಗದ ಮೂರನೆಯ ಬಗೆಯ ಗುರುವೊಬ್ಬನುಂಟು. ಅವನ ಸ್ವಂತ ಕಲೆಯು ನಡುದಾರಿಯಲ್ಲಿ ಮುರಿದುಬಿದ್ದಿರುತ್ತದೆ. ಬಾಯಿಂದ ಬೋಧಿಸುವದೂ ಅವನ ಮುಖ್ಯ ಕೆಲಸವಲ್ಲ. ಶಿಷ್ಯನ ಎದುರಿಗೆ ನಿಂತು ಅವನನ್ನು ಸೋಲಿಸಲು ದಿನವೂ ಹೆಣಗುವದೇ ಅವನ ಬೋಧನೆ. ಸಾಣೆಯ ಕಲ್ಲು ತಾನಾಗಿ ಏನನ್ನೂ ಕೊಯ್ಯಲಾರದು. ಅಲಗಿಗೆ ಹರಿತವನ್ನು ಕೊಟ್ಟು ತಾನು ಸವೆಯುತ್ತದೆ. ಅಂಥ ಗುರುವೊಬ್ಬರು ಉತ್ತರ ಕನ್ನಡ ಜಿಲ್ಲೆಯಿಂದ ಹೊರಟು ಭಾರತದ ಕ್ರಿಕೆಟ್ ತಂಡದ ಬೆನ್ನ ಹಿಂದೆ ನಿಂತರೆಂಬದು ಕಾರವಾರ ಅಂಕೋಲೆಗಳ ಸುಶಿಕ್ಷಿತ ಕುಟುಂಬಗಳಲ್ಲಿ ಸಹ ಎಲ್ಲರಿಗೂ ತಿಳಿದ ಸಂಗತಿಯಲ್ಲ. ಅವರು ಕುಮಟೆಯ ರಾಘವೇಂದ್ರರು. ಆಟಗಾರರ ಬಾಯಲ್ಲಿ ರಘು.

ಈ ಕರಾವಳಿಯಲ್ಲಿ ಕ್ರಿಕೆಟ್ಟಿನ ಹುಚ್ಚಿಗೆ ಕೊರತೆಯಿಲ್ಲ. ಕಾರವಾರದ ಕಡಲತಡಿಯಲ್ಲಿ ನೀರು ಇಳಿದ ಮೇಲೆ ಗಟ್ಟಿಯಾದ ಮರಳೇ ಹುಡುಗರಿಗೆ ಅಂಗಳ. ಕಾರವಾರದ ಮಾಲಾದೇವಿ ಮೈದಾನದಲ್ಲಿಯೂ ಅಂಕೋಲೆಯ ಜೈಹಿಂದ್ ಮೈದಾನದಲ್ಲಿಯೂ ಚೆಂಡಿನ ಸದ್ದು ಕೇಳದ ಬೇಸಗೆಯಿಲ್ಲ. ಗಂಗಾವಳಿಯನ್ನು ದಾಟಿ ಕುಮಟಾ ತಾಲೂಕಿಗೆ ಹೋದರೂ ಇದೇ ನೋಟ. ಆದರೆ ಜೂನಿನಿಂದ ಸಪ್ಟೆಂಬರಿನ ವರೆಗೆ ಮಳೆಯು ಮೈದಾನಗಳನ್ನು ಕೆರೆಗಳನ್ನಾಗಿ ಮಾಡುತ್ತದೆ. ಆಟವನ್ನು ವೃತ್ತಿಯಾಗಿ ಬಯಸುವವನಿಗೆ ಇಲ್ಲಿ ಮುಂದಿನ ಮೆಟ್ಟಿಲು ಸಿಕ್ಕುವದು ಕಷ್ಟ. ಅವನು ಅರಬೈಲನ್ನೋ ದೇವಿಮನೆಯನ್ನೋ ಏರಿ ಘಟ್ಟದ ಮೇಲಕ್ಕೆ ಹೋಗಬೇಕು. ಬಸ್ಸನ್ನೇರುವ ದಿನ ಮನೆಯಲ್ಲಿ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಆಟದಿಂದ ಹೊಟ್ಟೆ ತುಂಬುತ್ತದೆಯೇ?”

ರಾಘವೇಂದ್ರರು ಹಾಗೆಯೇ ಹುಬ್ಬಳ್ಳಿಗೆ ಹೋದರು. ಆಗ ಅವರ ಜೇಬಿನಲ್ಲಿದ್ದದ್ದು 21 ರೂಪಾಯಿ ಎಂದು ಅವರ ಕಥೆಯನ್ನು ಬಲ್ಲವರು ಹೇಳುತ್ತಾರೆ. ಬಸ್ ನಿಲ್ದಾಣದಲ್ಲಿ, ದೇವಸ್ಥಾನದಲ್ಲಿ, ಕಡೆಗೆ ಸ್ಮಶಾನದ ಆವರಣದಲ್ಲಿ ಮಲಗಿ ಅವರು ಆಡುವದನ್ನು ಬಿಡಲಿಲ್ಲವೆಂಬದೂ ಅದೇ ಕಥೆಯ ಭಾಗ. ಇಷ್ಟೆಲ್ಲ ಪಟ್ಟ ಪಾಡಿನ ಫಲವು ಜಯವಾಗಿದ್ದರೆ ಅದೊಂದು ಸಾಮಾನ್ಯ ಸಾಹಸಕಥೆಯಾಗುತ್ತಿತ್ತು. ಹಾಗಾಗಲಿಲ್ಲ. ಕೈಗೆ ಪೆಟ್ಟಾಗಿ ಮೂಳೆ ಮುರಿಯಿತು. ಆಟಗಾರನಾಗುವ ಆಸೆಯು ಅದರೊಡನೆಯೇ ಮುರಿಯಿತು.

ಇಲ್ಲಿಂದ ಊರಿಗೆ ಮರಳುವವರೇ ಬಹಳ. ರಾಘವೇಂದ್ರರು ಬೆಂಗಳೂರಿಗೆ ಹೋದರು. ಕರ್ನಾಟಕ ಇನ್ಸ್‌ಟಿಟ್ಯೂಟ್ ಆಫ್ ಕ್ರಿಕೆಟ್ ಎಂಬ ಶಾಲೆಯಲ್ಲಿ ಚೆಂಡೆಸೆಯುವ ಯಂತ್ರಕ್ಕೆ ಒಂದೊಂದೇ ಚೆಂಡನ್ನು ಉಣಿಸುವದು, ಅಭ್ಯಾಸಕ್ಕೆ ಬಂದವರಿಗೆ ಕೈಯಿಂದ ಚೆಂಡೆಸೆದು ಕೊಡುವದು, ಇದು ಅವರ ಕೆಲಸವಾಯಿತು. ಕರ್ನಾಟಕದ ವಿಕೆಟ್ ಕೀಪರ್ ತಿಲಕ್ ನಾಯ್ಡು ಅವರ ಶ್ರದ್ಧೆಯನ್ನು ಗುರುತಿಸಿದರು. ಅವರ ಮೂಲಕ ಜಾವಗಲ್ ಶ್ರೀನಾಥರ ದೃಷ್ಟಿಯು ಅವರ ಮೇಲೆ ಬಿತ್ತು. ರಾಜ್ಯದ ರಣಜಿ ತಂಡ, ಬಳಿಕ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. 2011ರ ಹೊತ್ತಿಗೆ ಅವರು ಭಾರತ ತಂಡದ ಅಭ್ಯಾಸ ಸಹಾಯಕರು.

ಅವರ ಕೆಲಸದ ಮರ್ಮವನ್ನು ಅರಿಯದೆ ಅದರ ಬೆಲೆಯನ್ನು ಅರಿಯಲಾಗದು. ಘಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಕೈಬಿಟ್ಟ ಚೆಂಡು 22 ಗಜದ ಅಂಕಣದ ಆಚೆಯ ದಾಂಡಿಗನನ್ನು ಮುಟ್ಟಲು ಅರ್ಧ ಸೆಕೆಂಡು ಕೂಡ ಬೇಡ. ಅಷ್ಟರಲ್ಲಿ ಚೆಂಡಿನ ದಿಕ್ಕನ್ನೂ ನೆಗೆತವನ್ನೂ ಕಂಡು, ಹೊಡೆಯಬೇಕೋ ಬಿಡಬೇಕೋ ಎಂದು ನಿರ್ಣಯಿಸಿ, ಕಾಲು ಕೈಗಳನ್ನು ಸರಿಸಬೇಕು. ವಿಚಾರಮಾಡಲು ಅಲ್ಲಿ ಅವಕಾಶವಿಲ್ಲ. ಸಾವಿರ ಸಲ ಕಂಡು ಮೈಗೂಡಿದ ಅಭ್ಯಾಸವೊಂದೇ ಗತಿ. ಆದರೆ ಸಾವಿರ ಚೆಂಡುಗಳನ್ನು ಎಸೆಯುವವರಾರು? ವೇಗದ ಬೌಲರುಗಳಿಗೆ ಪಂದ್ಯದ ದುಡಿಮೆಯೇ ಮೈಗೆ ಭಾರ. ಅಭ್ಯಾಸದಲ್ಲಿಯೂ ಅವರನ್ನು ದಣಿಸಿದರೆ ಗಾಯವು ಕಟ್ಟಿಟ್ಟದ್ದು. ಯಂತ್ರವು ಎಸೆಯುತ್ತದೆ, ಆದರೆ ಯಂತ್ರಕ್ಕೆ ತೋಳಿಲ್ಲ. ಬೌಲರನ ತೋಳಿನ ಚಲನೆಯಿಂದಲೇ ಚೆಂಡಿನ ಗತಿಯನ್ನು ಮೊದಲು ಊಹಿಸುವ ದಾಂಡಿಗನಿಗೆ ಯಂತ್ರದೊಡನೆ ಮಾಡಿದ ಅಭ್ಯಾಸವು ಅರೆಯಭ್ಯಾಸ.

ಈ ಕೊರತೆಯನ್ನು ತುಂಬಿದ್ದು ‘ಸೈಡ್ ಆರ್ಮ್’ ಎಂಬ ಸರಳ ಸಾಧನ: ಉದ್ದನೆಯ ಪ್ಲಾಸ್ಟಿಕಿನ ಹಿಡಿ, ತುದಿಯಲ್ಲಿ ಚೆಂಡು ಕೂಡ್ರುವಂಥ ಸೌಟಿನ ಆಕಾರದ ಬಟ್ಟಲು. ಹೊಲದಲ್ಲಿ ಹಕ್ಕಿಯೋಡಿಸುವ ಕವಣೆಯ ತತ್ತ್ವವೇ ಇದರದೂ. ತೋಳು ಉದ್ದವಾದಷ್ಟು ವೇಗ ಹೆಚ್ಚು, ದಣಿವು ಕಡಿಮೆ. ಸಾಧನವು ಸರಳವಾದರೂ ಅದರಿಂದ ಚೆಂಡನ್ನು ಬೇಕಾದ ಜಾಗದಲ್ಲಿ ಬೀಳಿಸುವದು ಸರಳವಲ್ಲ. ಬಿಡುವ ಗಳಿಗೆ ಎಳ್ಳಷ್ಟು ತಪ್ಪಿದರೆ ಚೆಂಡು ದಾಂಡಿಗನ ತಲೆಗೆ ಹೋದೀತು. ರಾಘವೇಂದ್ರರು ಈ ವಿದ್ಯೆಯಲ್ಲಿ ಪಡೆದ ಹತೋಟಿಯೇ ಅವರ ಪಾಂಡಿತ್ಯ. 2013ರಿಂದೀಚೆಗೆ ಭಾರತದ ದಾಂಡಿಗರು ವೇಗದ ಚೆಂಡಿನ ಎದುರು ತೋರಿದ ಸುಧಾರಣೆಗೆ ರಘುವೇ ಕಾರಣರೆಂದು ವಿರಾಟ್ ಕೊಹ್ಲಿಯವರು 2020ರಲ್ಲಿ ಬಹಿರಂಗವಾಗಿ ನುಡಿದರು. 2023ರ ಜನವರಿಯಲ್ಲಿ ತಿರುವನಂತಪುರದಲ್ಲಿ ಶ್ರೀಲಂಕೆಯ ವಿರುದ್ಧ ಔಟಾಗದೆ 166 ಓಟಗಳನ್ನು ಗಳಿಸಿದ ಬಳಿಕ ಅವರೇ ರಾಘವೇಂದ್ರರನ್ನೂ, ಅದೇ ಕೆಲಸದ ನುವಾನ್ ಸೇನೆವಿರತ್ನೆ, ದಯಾನಂದ ಗರಾನಿಯವರನ್ನೂ ಮುಂದೆ ಕರೆದು ಜನರಿಗೆ ಪರಿಚಯಿಸಿದರು. ಶಿಷ್ಯೆಯ ಕುಣಿತದಿಂದ ಗುರುವಿನ ಬೆಲೆಯನ್ನು ಕಟ್ಟುವ ಕಾಳಿದಾಸನ ನ್ಯಾಯವು ಅಂದು ಕ್ರಿಕೆಟ್ಟಿನ ಅಂಗಳದಲ್ಲಿ ನಡೆಯಿತು.

ಮುಖ್ಯ ತರಬೇತುದಾರರು ಬರುತ್ತಾರೆ, ಹೋಗುತ್ತಾರೆ. ಡಂಕನ್ ಫ್ಲೆಚರ್, ಅನಿಲ್ ಕುಂಬ್ಳೆ, ರವಿ ಶಾಸ್ತ್ರಿ, ರಾಹುಲ್ ದ್ರಾವಿಡ್, ಇವರೆಲ್ಲರ ಕಾಲದಲ್ಲಿಯೂ ಕುಮಟೆಯ ಈ ತೋಳು ತಂಡದೊಡನಿತ್ತು. ಇವರಲ್ಲಿ ದ್ರಾವಿಡರನ್ನು ಪರಿವ್ರಾಜಿಕೆಯ ಮೊದಲ ಮಣೆಗೆ ಕೂಡ್ರಿಸಬಹುದು. ಟೆಸ್ಟ್ ಆಟದಲ್ಲಿ 13,288 ಓಟಗಳನ್ನು ಗಳಿಸಿದ ಕುಶಲತೆಯೂ ಕಿರಿಯರಿಗೆ ಕಲಿಸುವ ತಾಳ್ಮೆಯೂ ಅವರಲ್ಲಿ ಕೂಡಿವೆ. 2018ರ ಫೆಬ್ರುವರಿಯಲ್ಲಿ ಅವರ ತರಬೇತಿಯ 19 ವರ್ಷದೊಳಗಿನ ತಂಡವು ವಿಶ್ವಕಪ್ಪನ್ನು ಗೆದ್ದಾಗ ಮಂಡಳಿಯು ಅವರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಈ ತಾರತಮ್ಯವನ್ನು ದ್ರಾವಿಡರು ಒಪ್ಪಲಿಲ್ಲ. ಕಡೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ಅಲ್ಲಿಯ ಸಹಾಯಕರು ಬೇರೆಯವರು, ಆದರೆ ತತ್ತ್ವವೊಂದೇ. 2007ರಲ್ಲಿ ನಾಯಕನಾಗಿ ಮೊದಲ ಸುತ್ತಿನಲ್ಲಿಯೇ ಸೋತು ಮರಳಿದ ವೆಸ್ಟ್ ಇಂಡೀಸಿನಲ್ಲಿಯೇ, 2024ರ ಜೂನ್ 29ರಂದು, ದ್ರಾವಿಡರ ತಂಡವು ದಕ್ಷಿಣ ಆಫ್ರಿಕೆಯನ್ನು 7 ಓಟಗಳಿಂದ ಸೋಲಿಸಿ ಟಿ20 ವಿಶ್ವಕಪ್ಪನ್ನು ಪಡೆಯಿತು. ಆಗಲೂ ತಮಗೆಂದು ಸಾರಿದ 5 ಕೋಟಿಯನ್ನು ಬಿಟ್ಟು, ಉಳಿದ ತರಬೇತುದಾರರಷ್ಟೇ ಎರಡೂವರೆ ಕೋಟಿ ಸಾಕೆಂದರು. ಅಗ್ರಗಣ್ಯನಾದ ಗುರುವಿಗೆ ಕೆಳಗಿನವರ ಶ್ರಮದ ಅರಿವಿರಬೇಕೆಂಬದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಇಷ್ಟನ್ನು ಕೇಳಿ ಯಾವ ತಂದೆಯೂ ಮಗನ ಕೈಗೆ 21 ರೂಪಾಯಿ ಕೊಟ್ಟು ಬಸ್ಸನ್ನೇರಿಸಬೇಕಾಗಿಲ್ಲ. ಸ್ಮಶಾನದಲ್ಲಿ ಮಲಗುವದು ವಿದ್ಯಾಭ್ಯಾಸದ ಕ್ರಮವಲ್ಲ. ಹಾಗೆ ಹೋಗಿ ಹೆಸರಿಲ್ಲದೆ ಅಳಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಒಬ್ಬನ ಗೆಲುವನ್ನು ತೋರಿಸಿ ನೂರು ಜನರ ಕಷ್ಟವನ್ನು ಸಮರ್ಥಿಸುವದು ಅನ್ಯಾಯ. ರಾಘವೇಂದ್ರರ ಜೀವನದಿಂದ ತಿಳಿಯತಕ್ಕದ್ದು ಬೇರೆ ಇದೆ. ಮನೆಗಳಲ್ಲಿ ಹಿರಿಯರು ಮಕ್ಕಳ ಮುಂದೆ ಇಡುವದು ಎರಡೇ ದಾರಿ: ರಂಗದ ಮೇಲೆ ಮೆರೆ, ಇಲ್ಲವೆ ಆ ಆಸೆಯನ್ನೇ ಬಿಡು. ಗಾಯನಕ್ಕೂ ಯಕ್ಷಗಾನಕ್ಕೂ ಪಾಂಡಿತ್ಯಕ್ಕೂ ಇದೇ ಕಟ್ಟಳೆ. ಅದರಿಂದ ಕಂಠ ಕೆಟ್ಟವನು ತಂಬೂರಿಯನ್ನು ಮುಟ್ಟುವದಿಲ್ಲ. ಪರೀಕ್ಷೆಯಲ್ಲಿ ಸೋತವನು ಪುಸ್ತಕವನ್ನು ತೆರೆಯುವದಿಲ್ಲ. ತನ್ನ ಕಲೆಯು ಮುರಿದ ಮೇಲೆಯೂ ಆ ಕಲೆಯ ಸೇವೆಯಲ್ಲಿ ಮನುಷ್ಯನಿಗೆ ಮರ್ಯಾದೆಯ ಸ್ಥಾನವೊಂದುಂಟೆಂದು ಅವನಿಗೆ ಯಾರೂ ಹೇಳಿರುವದಿಲ್ಲ.

2022ರ ನವಂಬರ್ 2ರಂದು ಅಡಿಲೇಡಿನಲ್ಲಿ ಬಾಂಗ್ಲಾದೇಶದ ವಿರುದ್ಧದ ಪಂದ್ಯದ ನಡುವೆ ಮಳೆ ಸುರಿದು ಮೈದಾನವು ಒದ್ದೆಯಾಯಿತು. ಆಟವು ಮತ್ತೆ ಮೊದಲಾದಾಗ ರಾಘವೇಂದ್ರರು ಕೈಯಲ್ಲಿ ಬ್ರಶ್ಶನ್ನು ಹಿಡಿದು ಅಂಗಳದ ಅಂಚಿನಲ್ಲಿ ಸುತ್ತುತ್ತ, ಆಟಗಾರರು ಜಾರಿಬೀಳದಂತೆ ಅವರ ಬೂಟಿನಡಿಯ ಕೆಸರನ್ನು ತೆಗೆದುಕೊಡುತ್ತಿದ್ದರು. ಅದು ಅವರಿಗೆ ವಿಧಿಸಿದ ಕೆಲಸವಲ್ಲ. ಭಾರತವು ಅಂದು 5 ಓಟಗಳಿಂದ ಗೆದ್ದಿತು. ಯಾರು ಎಷ್ಟು ಓಟ ಗಳಿಸಿದರು, ಯಾರು ಯಾರನ್ನು ಔಟುಮಾಡಿದರು ಎಂಬದನ್ನೆಲ್ಲ ಪಂದ್ಯದ ಲೆಕ್ಕದ ಹಾಳೆಯು ಹೇಳುತ್ತದೆ. ಬ್ರಶ್ಶು ಹಿಡಿದವರಿಗಾಗಲಿ, ಮುಂಜಾನೆ ನೂರಾರು ಚೆಂಡುಗಳನ್ನು ಎಸೆದ ತೋಳಿಗಾಗಲಿ ಅದರಲ್ಲಿ ಸಾಲಿಲ್ಲ.