ಊಟಿಯ ಮಂಜಿನಲ್ಲಿ ಗುಂಗುರು ನಾಯಿ

ಗುಂಡ್ಲುಪೇಟೆ, ಗೂಡಲೂರು ದಾರಿಯಾಗಿ ಜೂನ್ ತಿಂಗಳಲ್ಲಿ ನಾವು ಊಟಿಗೆ ಹೋದಾಗ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗಿರಲಿಲ್ಲ. ಸುಮಾರು 2,240 ಮೀಟರ್ ಎತ್ತರದ ಊರು, ಮಳೆ ನಿಂತರೆ ಮಂಜು. ನಾವು ಇಳಿದುಕೊಂಡ ಮನೆಯಲ್ಲೊಂದು ಪುಟ್ಟ ಪೂಡಲ್ ನಾಯಿಯಿತ್ತು.

ಪೂಡಲ್ ಹಿಂದೆ ನೀರಿಗಿಳಿದು ಬೇಟೆಯ ಬಾತುಗಳನ್ನು ಕಚ್ಚಿ ತರುತ್ತಿದ್ದ ಜಾತಿ. ಇದರ ಕೂದಲು ಮನೆ ತುಂಬ ಉದುರುವುದಿಲ್ಲ ಎಂದು ಸಾಕುವವರಿಗೆ ಹಿಗ್ಗು. ಆದರೆ ನೋಡಿ, ಸತ್ತ ಕೂದಲು ಸುರುಳಿಯಲ್ಲೇ ಸಿಕ್ಕಿ ಗಂಟಾಗುತ್ತದೆ. ನೆನೆದರೆ ಗಂಟು ಇನ್ನಷ್ಟು ಬಿಗಿದು ಚರ್ಮವನ್ನು ಎಳೆಯುತ್ತದೆ; ಅಡಿಯಲ್ಲಿ ತೇವ ನಿಂತು ಹುಣ್ಣಾಗಬಹುದು. ಮೇಲೆ ನೋಡಿದರೆ ಮುದ್ದಾದ ಉಣ್ಣೆಯುಂಡೆ. ನಾಯಿ ಬಾಯಿಬಿಟ್ಟು ಹೇಳೀತೇ?

ಆದ್ದರಿಂದ ಆ ಮನೆಯಾಕೆ ಸ್ನಾನಕ್ಕೆ ಮೊದಲೇ ಬಾಚುತ್ತಿದ್ದರು. ಬರೀ ಬ್ರಶ್ ಸಾಲದು. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಉಕ್ಕಿನ ಬಾಚಣಿಗೆ ಕೂದಲ ಬುಡ ಮುಟ್ಟಬೇಕು. ಗಂಟಿಗೆ ಕತ್ತರಿ ಹಾಕಿದರೆ ತೆಳುಚರ್ಮವೂ ಸಿಕ್ಕೀತು. ಮಿಂದ ಮೇಲೆ ಡ್ರೈಯರಿನ ಹದವಾದ ಬಿಸಿಯಲ್ಲಿ ಬಾಚುತ್ತಾ ಪೂರ್ತಿ ಒಣಗಿಸುತ್ತಿದ್ದರು. ಕರೆಂಟಿಲ್ಲದ ದಿನ ಸ್ನಾನವೂ ಇಲ್ಲ! ಮಳೆಗಾಲಕ್ಕೆಂದು ಕೂದಲನ್ನು ಗಿಡ್ಡ ಮಾಡಿಸಿದ್ದರು. ಪ್ರದರ್ಶನದ ನಾಯಿಗಳ ಚೆಂಡುಚೆಂಡು ಅಲಂಕಾರಕ್ಕಿಂತ ನಮಗೆ ಇದೇ ಹಿಡಿಸಿತು. ಚಳಿಗೆ ಒಂದು ಸ್ವೆಟರೂ ಇತ್ತು. ಉಜ್ಜಿ ಗಂಟು ಕಟ್ಟೀತೆಂದು ರಾತ್ರಿ ಅದನ್ನು ಕಳಚಿ ಒಲೆಯ ಬಳಿ ಹರಡುತ್ತಿದ್ದರು.