ಬೇಸಿಗೆ ರಜೆ, ಖೋ ಖೋ ಮತ್ತು ಎಂಟನೇ ಇಯತ್ತೆ

ನಮ್ಮ ಕಡೆ ಬೇಸಿಗೆ ಬಂತು ಅನ್ನುವುದಕ್ಕೆ ಕ್ಯಾಲೆಂಡರ್ ನೋಡಬೇಕಾಗಿಲ್ಲ. ಸೋಲಾಪುರದ ರಸ್ತೆ ಬದಿಯಲ್ಲಿ ಕಲ್ಲಂಗಡಿ ರಾಶಿ ಬಿದ್ದಿರುತ್ತದೆ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಪುಣ್ಯತಿಥಿಗೆ ಬಂದ ಭಕ್ತರು ಕಾಲು ಸುಡುತ್ತದೆಂದು ನೆರಳಿನಿಂದ ನೆರಳಿಗೆ ಓಡುತ್ತಿರುತ್ತಾರೆ. ಹಳ್ಳಿಗಳಲ್ಲಿ ಕೊಡಗಳು ನಮಗಿಂತ ಮೊದಲೇ ಎದ್ದು ಸಾಲಿನಲ್ಲಿ ಕುಳಿತಿರುತ್ತವೆ. ಶಾಲೆ ಮುಂಜಾನೆಯ ಪಾಳಿಗೆ ಬರುತ್ತದೆ. ಮೇ 1ಕ್ಕೆ ಮಹಾರಾಷ್ಟ್ರ ದಿನದ ಧ್ವಜ ಏರಿಸಿ, ನಿಕಾಲ ಓದಿ ಹೇಳಿದರೆ ಆ ವರ್ಷದ ಶಾಲೆ ಮುಗಿಯಿತು. ಮತ್ತೆ ಬಾಗಿಲು ತೆಗೆಯುವುದು ಜೂನ್ 15ರ ಹೊತ್ತಿಗೆ.

ಈ ನಡುವಿನ ಆರು ವಾರಗಳ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ. ಕನ್ನಡ ಶಾಲೆಗಳು ಮಕ್ಕಳನ್ನು ಕಳೆದುಕೊಳ್ಳುವುದು ಪಾಠದ ದಿನಗಳಲ್ಲಿ ಅಲ್ಲ, ಈ ಆರು ವಾರಗಳಲ್ಲಿ. ಸುಟ್ಟಿಗೆ ಪುಣೆಯ ಕಾಕಾನ ಮನೆಗೆ ಹೋದ ಹುಡುಗ ಅಲ್ಲಿಯೇ ಶಾಲೆಗೆ ಸೇರಿಬಿಡುತ್ತಾನೆ. ಇನ್ನೊಬ್ಬನ ಮನೆಯವರು ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿಗೆ ರೊಕ್ಕ ಕಟ್ಟಿ ಬರುತ್ತಾರೆ. ಏಳನೇ ಇಯತ್ತೆ ಮುಗಿಸಿದ ಹುಡುಗಿಯರದ್ದಂತೂ ಬೇರೆಯೇ ಕಥೆ. ನಮ್ಮ ಶಾಲೆ ಇರುವುದು ಏಳನೆಯವರೆಗೆ. ಎಂಟನೆಯದಕ್ಕೆ ಎಸ್.ಟಿ. ಬಸ್ಸು ಹಿಡಿದು ಬೇರೆ ಊರಿಗೆ ಹೋಗಬೇಕು. "ಸಾಕ್ ಬಿಡ್ರಿ ಸರ, ಓದಿದ್ದು" ಎನ್ನುವ ಮಾತು ಹುಟ್ಟುವುದು ಈ ಮೇ ತಿಂಗಳಲ್ಲಿಯೇ.

ನಾನು ಕಲಿಸುವುದು ಕನ್ನಡ. ಆದರೆ ಸಣ್ಣ ಶಾಲೆಯಲ್ಲಿ ಆಟಕ್ಕೆಂದು ಬೇರೆ ಮಾಸ್ತರರು ಇರುವುದಿಲ್ಲ. ಸೀಟಿ ಯಾರ ಕೊರಳಲ್ಲಿದೆಯೋ ಅವರೇ ಕ್ರೀಡಾ ಶಿಕ್ಷಕರು. ಹಾಗಾಗಿ ರಜೆಯಲ್ಲಿಯೂ ವಾರಕ್ಕೆ ಐದು ದಿನ ಮೈದಾನಕ್ಕೆ ಹೋಗುತ್ತೇನೆ. ಐದೂಮುಕ್ಕಾಲಿಗೆ ಶುರು, ಏಳೂಕಾಲಿಗೆ ಬಂದ್. ಆಮೇಲೆ ಬಿಸಿಲು ಯಾರ ಮಾತೂ ಕೇಳುವುದಿಲ್ಲ. ಇಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಆಗುವುದು ಹೊಸ ಸುದ್ದಿಯೇನಲ್ಲ.

ಮೊದಲ ವಾರ ಆಟವೇ ಇರುವುದಿಲ್ಲ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಬಿರುಕುಗಳಿಗೆ ಮುರುಮ ತುಂಬಬೇಕು, ಹರಳು ಆರಿಸಬೇಕು, ಎರಡೂ ಕಂಬ ಗಟ್ಟಿ ಇವೆಯೋ ನೋಡಬೇಕು, ಹಗ್ಗ ಹಿಡಿದು ಸುಣ್ಣದ ಗೆರೆ ಹಾಕಬೇಕು. ಟ್ಯಾಂಕರ್ ನೀರು ಕುಡಿಯುವ ಊರಿನಲ್ಲಿ ಮೈದಾನಕ್ಕೆ ನೀರು ಹೊಡೆಯುವ ಮಾತೇ ಇಲ್ಲ. ಧೂಳಿನಲ್ಲಿಯೇ ಆಡುತ್ತೇವೆ. ಮನೆಗೆ ಹೋಗುವಾಗ ಎಲ್ಲರ ಬಣ್ಣವೂ ಒಂದೇ ಆಗಿರುತ್ತದೆ!

ಕ್ರಿಕೆಟ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಖೋ ಖೋಗೆ ಬ್ಯಾಟು ಬೇಡ, ಬಾಲು ಬೇಡ, ಬೂಟು ಸಹ ಬೇಡ. ಎರಡು ಕಂಬ, ಒಂದು ಹಿಡಿ ಸುಣ್ಣ, ಓಡುವ ಕಾಲು ಇದ್ದರೆ ಆಯಿತು. ಈಗಿನ ನಿಯಮದ ಆಟಕ್ಕೆ ತವರುಮನೆಯೂ ಇದೇ ರಾಜ್ಯ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ಇದಕ್ಕೆ ನಿಯಮಗಳ ಚೌಕಟ್ಟು ಹಾಕಿಕೊಟ್ಟರು. ತಂಡದಲ್ಲಿ 12 ಮಕ್ಕಳು, ಅಂಗಳಕ್ಕೆ ಇಳಿಯುವುದು 9. ಅವರಲ್ಲಿ ಎಂಟು ಜನ ಒಂದು ಕಡೆ, ಒಂದು ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ, ಒಬ್ಬರು ಬೆನ್ನಟ್ಟುತ್ತಾರೆ. ಎದುರಿನವರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಬೆನ್ನಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ದಿಕ್ಕು ಬದಲಾಗಬೇಕೆಂದರೆ ಕುಳಿತವರ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಖೋ ಸಿಗುವ ಮೊದಲು ಎದ್ದರೆ ಫೌಲ್. ಸಣ್ಣ ಮಕ್ಕಳಿಗೆ ಅತ್ಯಂತ ಕಷ್ಟದ ಪಾಠ ಓಟವಲ್ಲ, ಹೀಗೆ ಕಾಯುತ್ತ ಕೂರುವುದು.

ನಮ್ಮ ಮೈದಾನದ ಭಾಷೆ ಕೇಳಿದರೆ ಬೆಂಗಳೂರಿನವರು ನಕ್ಕಾರು. 1956ರ ರಾಜ್ಯ ವಿಂಗಡಣೆಯಲ್ಲಿ ಅಕ್ಕಲಕೋಟ ತಾಲೂಕು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. ನಮ್ಮ ಕನ್ನಡ ಪಾಠಪುಸ್ತಕ ಅಚ್ಚಾಗಿ ಬರುವುದು ಪುಣೆಯ ಬಾಲಭಾರತಿಯಿಂದ. ಆಟದ ಮಾತುಗಳೂ ಹಾಗೆಯೇ. ಮರಾಠಿಯ 'ಖಾಂಬ' ನಮಗೆ ಕಂಬ. 'ಸಾಖಳಿ' ಸರಪಳಿ. ಆದರೆ 'ಹುಲಕಾವಣಿ'ಗೆ ನಾನು ಕೊಟ್ಟ ಕನ್ನಡ ಶಬ್ದವನ್ನು ಮಕ್ಕಳು ಒಪ್ಪಲಿಲ್ಲ. "ಹುಲಕಾವಣಿ ಕೊಟ್ಟು ಪಾರಾಗು" ಅಂದರೆ ಕಾಲು ತಾನಾಗಿಯೇ ಹೊರಳುತ್ತದೆ, ಕನ್ನಡ ಶಬ್ದ ಹೇಳಿದರೆ ನಿಂತು ನನ್ನ ಮುಖ ನೋಡುತ್ತಾರೆ. ಇರಲಿ ಬಿಡಿ.

ಒಮ್ಮೆ ಪಕ್ಕದ ಊರಿನ ಮರಾಠಿ ಶಾಲೆಯ ಜೊತೆ ಸ್ನೇಹದ ಪಂದ್ಯ ಇಟ್ಟಿದ್ದೆವು. ನಮ್ಮ ಹುಡುಗಿಯರು ಕನ್ನಡದಲ್ಲಿಯೇ ಗುಟ್ಟಿನ ಸೂಚನೆ ಕೊಟ್ಟುಕೊಂಡು ಆಡುವುದೆಂದು ಠರಾವು ಮಾಡಿದ್ದರು. "ಎಡಕ್ಕ ಕೊಡು, ಎಡಕ್ಕ ಕೊಡು" ಎಂದು ಕೂಗಿದ್ದೇ ತಡ, ಆ ಕಡೆಯ ಹುಡುಗಿ ಬಲಕ್ಕೆ ಹಾರಿ ಪಾರಾದಳು. ಆಮೇಲೆ ಕೇಳಿದರೆ, "ನಮ್ಮ ಮನ್ಯಾಗೂ ಕನ್ನಡಾನೇ ಮಾತಾಡ್ತಾರ" ಎಂದಳು. ಶಾಲೆಯ ಬೋರ್ಡಿನ ಮೇಲೆ ಎರಡು ಭಾಷೆ, ಮನೆಯಲ್ಲಿ ಒಂದೇ. ಗಡಿಯ ಬಗ್ಗೆ ಭಾಷಣ ಮಾಡುವವರು ಒಂದು ದಿನ ಬಂದು ನಮ್ಮ ಮೈದಾನದಲ್ಲಿ ಕೂರಬೇಕು.

ಈ ಸಲ ತಂಡದಲ್ಲಿ ಏಳನೆಯದು ಮುಗಿಸಿದ ಹುಡುಗಿಯರು ನಾಲ್ವರು. ಅವರಲ್ಲಿ ಒಬ್ಬಳು ಕಂಬದ ಹತ್ತಿರ ಗಾಳಿಯಂತೆ ತಿರುಗುತ್ತಾಳೆ. ಮೇ ಎರಡನೇ ವಾರದಲ್ಲಿ ಎರಡು ದಿನ ಅವಳು ಬರಲಿಲ್ಲ. ಮನೆಗೆ ಹೋದೆ. ಆಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟು ಕೂಡಿಸಿಕೊಂಡೇ ಕೇಳಿದರು: "ಅಲ್ರೀ ಮಾಸ್ತರ, ಹೆಣ್ಮಕ್ಕಳಿಗಿ ಓಡೂದು ಕಲಿಸಿ ಏನ್ ಮಾಡೂರ್ರಿ? ಎಂಟನೇದಕ್ಕ ಬಸ್ಸಿಗಿ ಕಳಿಸೂದ್ ಬ್ಯಾಡಂತಾನ ಇಕಿಯಪ್ಪ."

ನಾನು ವಾದ ಮಾಡಲಿಲ್ಲ. ಎರಡು ಸಂಗತಿ ಹೇಳಿದೆ. ಹಳ್ಳಿಯ ಹುಡುಗಿಯರಿಗೆ ಶಾಲೆಗೆ ಹೋಗಿಬರಲು ಎಸ್.ಟಿ. ಪಾಸು ಅಹಿಲ್ಯಾಬಾಯಿ ಹೋಳ್ಕರ್ ಯೋಜನೆಯಲ್ಲಿ ಪುಕ್ಕಟೆ. ಇದು ಮೊದಲನೆಯದು. ಇನ್ನೊಂದು, ನಮ್ಮ ನೆರೆಯ ಧಾರಾಶಿವದ ಸಾರಿಕಾ ಕಾಳೆ. ಬಡಮನೆಯಲ್ಲಿ ಬೆಳೆದು, ಖೋ ಖೋ ಆಡಿಯೇ ಭಾರತ ತಂಡದ ನಾಯಕಿಯಾಗಿ 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು.

ಹುಡುಗಿ ಒಳಗಿನಿಂದಲೇ ಕೇಳುತ್ತಿದ್ದಳು. "ಆಯೀ, ಚೈತ್ರಾನೂ ಹಳ್ಳಿಯಾಕೀನ" ಎಂದಳು. ಅವಳು ಹೇಳಿದ್ದು 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಬಗ್ಗೆ. ಅಂತಿಮ ಪಂದ್ಯದಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ಅದೇ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಆ ಸುದ್ದಿಯ ಪೇಪರ್ ಕತ್ತರಿಸಿ ವರ್ಗದ ಗೋಡೆಗೆ ಅಂಟಿಸಿದ್ದೆ. ಯಾರು ಓದಿದ್ದಾರೋ ಇಲ್ಲವೋ ಅಂದುಕೊಂಡಿದ್ದೆ, ಓದಿದ್ದಾಳೆ!

ಮರುದಿನ ಮುಂಜಾನೆ ಅವಳು ಬಂದಳು. ಅವಳ ಜೊತೆ ಆಯಿಯೂ ಬಂದು, ಬೇವಿನ ಮರದ ಕೆಳಗೆ ಕೂತು, ಆಟ ಮುಗಿಯುವ ತನಕ ನೋಡಿದರು. ಏಳುವಾಗ "ಕುಂತಾಕಿ ಸರಿಯಾಗಿ ಕುಂಡರಂಗಿಲ್ರಿ, ಮದಲ ಏಳತಾಳ" ಎಂದು ಒಬ್ಬಳ ತಪ್ಪು ಸಹ ತೋರಿಸಿಕೊಟ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಪ್ಪ ಇನ್ನೂ ಹೂಂ ಅಂದಿಲ್ಲ. ಶಾಲಾ ಪಂದ್ಯಗಳಲ್ಲಿ 14ರ ಒಳಗಿನವರ ಗುಂಪಿದೆ, ಎಂಟನೆಯದಕ್ಕೆ ಸೇರಿದರೆ ಅವಳು ಹೊಸ ಶಾಲೆಯ ಪರವಾಗಿ ಅದರಲ್ಲಿ ಆಡಬಹುದು. ಆ ಶಾಲೆಯ ಸರ್‌ಗೆ ಫೋನು ಮಾಡಿ ಹೇಳಿದ್ದೇನೆ. "ನಾಲ್ವರನ್ನೂ ಕಳಿಸ್ರಿ, ತಂಡದಾಗ ಜಾಗ ಅದ" ಎಂದಿದ್ದಾರೆ. ನಾಲ್ವರೂ ಕೂಡಿ ಒಂದೇ ಬಸ್ಸಿಗೆ ಹೋಗುವುದಾದರೆ ಮನೆಯವರ ಅರ್ಧ ಭಯ ಅಲ್ಲಿಯೇ ಕಡಿಮೆಯಾಗುತ್ತದೆ.

ಗಡಿನಾಡಿನ ಶಿಕ್ಷಕ ಬಂಧುಗಳೇ, ನಿಮ್ಮ ಶಾಲೆಯಲ್ಲಿಯೂ ಏಳನೆಯದು ಮುಗಿಸಿದ ಹುಡುಗಿಯರು ಇದ್ದಾರೆ. ರಜೆಯಲ್ಲಿ ಯಾವ ಆಟವಾದರೂ ಸರಿ, ದಿನಕ್ಕೊಂದು ತಾಸು ಅವರನ್ನು ಕೂಡಿಸಿರಿ. ಬಾರದವರ ಹೆಸರು ಆ ದಿನವೇ ಗೊತ್ತಾಗುತ್ತದೆ, ಅಂದೇ ಸಂಜೆ ಮನೆಗೆ ಹೋಗಬಹುದು. ಜೂನ್ 15ರಂದು ಹಾಜರಿ ಪುಸ್ತಕ ತೆರೆದು ನೋಡಿದರೆ ಹೊತ್ತು ಮೀರಿರುತ್ತದೆ.